ಊರ ಹೊರಗೆ ನೆಲೆ, ಊರೊಳಗೆ ಕೆಲಸ

ಎಳ್ಳ ಅಮಾಸಿಯ ಬೆಳಿಗ್ಗೆ ಕಲಬುರಗಿಯಿಂದ ಆಳಂದಕ್ಕೆ ಹೊರಟ ಬಸ್ಸಿನಲ್ಲಿ ಮನುಷ್ಯರಿಗಿಂತ ಬುಟ್ಟಿಗಳೇ ಹೆಚ್ಚಾಗಿದ್ದವು. ಬಿಳಿ ಅರಿವೆಯಲ್ಲಿ ಸುತ್ತಿದ ಸಜ್ಜಿ ರೊಟ್ಟಿ, ಸ್ಟೀಲ್ ಡಬ್ಬಿಯಲ್ಲಿ ಬಜ್ಜಿ ಪಲ್ಯ, ಕಡಬು, ಶೇಂಗಾ ಹೋಳಿಗಿ, ಹಿಂಡಿ. ಪುಣೆಯಲ್ಲಿ ಗಾರೆ ಕೆಲಸ ಮಾಡುವವರೂ ಬೆಂಗಳೂರಿನಲ್ಲಿ ಕಂಪನಿ ಕಾರು ಓಡಿಸುವವರೂ ಈ ದಿನಕ್ಕೆ ಊರಿಗೆ ಬಂದೇ ಬರುತ್ತಾರೆ. ದೀಪಾವಳಿಗೆ ಬಾರದಿದ್ದರೆ ಯಾರೂ ಕೇಳುವುದಿಲ್ಲ, ಇದಕ್ಕೆ ಬಾರದಿದ್ದರೆ ಕೇಳುತ್ತಾರೆ ಎಂದು ಪಕ್ಕದಲ್ಲಿ ಕೂತಿದ್ದ ಹೆಣ್ಣುಮಗಳು ಹೇಳಿದಳು.

ಕಡಗಂಚಿಯಲ್ಲಿ ಇಳಿದು ಊರೊಳಗೆ ಹೊಕ್ಕರೆ ಓಣಿಗೆ ಓಣಿಯೇ ಬೀಗ ಹಾಕಿಕೊಂಡಿತ್ತು. ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಮುದುಕರು, “ಎಲ್ಲಾರೂ ಹೊಲಕ್ಕ ಹೋಗ್ಯಾರ್ರಿ. ಯಾರ ಹೊಲಕ್ಕ ಹೋದ್ರೂ ಉಣ್ಲಾಕ ಕೊಡ್ತಾರ, ಹೋಗ್ರಿ” ಎಂದರು. ಹೋದೆ. ತೊಗರಿ ಒಣಗಿ ಗಲಗಲ ಅನ್ನುತ್ತಿತ್ತು, ಜೋಳ ಎದೆಮಟ್ಟ ನಿಂತಿತ್ತು, ಕಡಲೆ ಗಿಡದ ಹುಳಿ ಕೈಗೆ ಹತ್ತುತ್ತಿತ್ತು. ಹೊಲದ ನಡುವೆ ಐದು ಕಲ್ಲು ಇಟ್ಟು ಸುಣ್ಣ ಬಳಿದು ಪೂಜೆ ಮಾಡಿ, ಅನ್ನವನ್ನು ನಾಲ್ಕೂ ದಿಕ್ಕಿಗೆ ಚರಗ ಚೆಲ್ಲಿ, ಬಂಧುಬಳಗವೆಲ್ಲ ಸಾಲಾಗಿ ಕೂತು ಉಣ್ಣುತ್ತಿದ್ದರು. ನನಗೂ ಒಂದು ತಾಟು ಬಂತು. ಯಾರು, ಯಾವ ಜಾತಿ ಎಂದು ಕೇಳುವ ಮೊದಲು “ಯಾವೂರ್ರೀ?” ಎಂದು ಕೇಳಿದರು. ಆ ಕ್ರಮ ನನಗೆ ಹಿಡಿಸಿತು. ಅದರ ಒಳಗೆ ಇನ್ನೊಂದು ಪ್ರಶ್ನೆಯೂ ಅಡಗಿದೆ ಎಂಬುದು ಆಮೇಲೆ ಹೊಳೆಯಿತು.

ನಾನು ಮಲೆನಾಡಿನವನು. ನಮ್ಮ ಕಡೆ ಊರು ಅಂದರೆ ಒಂದು ಮನೆ, ಅದರ ಹಿಂದೆ ತೋಟ, ಮುಂದೆ ಗದ್ದೆ. ಮುಂದಿನ ಮನೆಗೆ ಹೋಗಲು ಒಂದು ಗುಡ್ಡ ಇಳಿದು ಹತ್ತಬೇಕು. ನಮ್ಮಲ್ಲೂ ಭೂಮಿ ಹುಣ್ಣಿಮೆಗೆ ಗದ್ದೆಗೆ ಬಡಿಸುತ್ತೇವೆ. ಆದರೆ ಗದ್ದೆ ಜಗುಲಿಯಿಂದಲೇ ಕಾಣುತ್ತದೆ, ಅಲ್ಲಿಗೆ ಹೋಗಲು ಮನೆಗೆ ಬೀಗ ಹಾಕಬೇಕಿಲ್ಲ. ಇಲ್ಲಿ ಹಾಗಲ್ಲ. ಮನೆಗಳೆಲ್ಲ ಒಂದಕ್ಕೊಂದು ಗೋಡೆ ಹಚ್ಚಿ ಒಂದೇ ದಿಬ್ಬದ ಮೇಲೆ, ಹೊಲಗಳೆಲ್ಲ ಮೈಲುಗಟ್ಟಲೆ ಆಚೆ. ವರ್ಷವಿಡೀ ಹೊಲ ದುಡಿಮೆಯ ಜಾಗ. ಒಂದು ದಿನವಾದರೂ ಅದು ಮನೆಯಾಗಬೇಕು. ಎಳ್ಳ ಅಮಾಸಿ ಹುಟ್ಟಿದ್ದು ಈ ದೂರದಿಂದಲೇ ಎಂದು ನನ್ನ ಗುಮಾನಿ. ಕಲಬುರಗಿ, ಬೀದರಿನಲ್ಲಿ ಹೇಗೋ ಗಡಿಯಾಚೆಯ ಲಾತೂರು, ಧಾರಾಶಿವ (ಉಸ್ಮಾನಾಬಾದ್), ಸೊಲ್ಲಾಪುರದ ಕಡೆಯೂ ಹಾಗೇ ಈ ದಿನ ಊರು ಖಾಲಿ. ನೆಲ ಒಂದೇ ಬಗೆಯದು, ಊರು ಕೂತ ರೀತಿ ಒಂದೇ, ಹಬ್ಬವೂ ಒಂದೇ. ಭಾಷೆ ಬೇರೆ.

ಊರು ಹೀಗೆ ಒತ್ತಾಗಿ ಕೂತಿದ್ದಕ್ಕೆ ಕಾರಣ ಕಾಲಡಿಯಲ್ಲೇ ಇದೆ. ಈ ಎರಿಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರಿಯುತ್ತದೆ. ಅದರ ಮೇಲೆ ಗೋಡೆ ಎಬ್ಬಿಸಿದರೆ ನಾಲ್ಕು ವರ್ಷ ನಿಲ್ಲುವುದೂ ಕಷ್ಟ. ಹಾಗಾಗಿ ಎಲ್ಲಿ ಗಟ್ಟಿ ನೆಲದ ದಿಬ್ಬ ಸಿಕ್ಕಿತೋ, ಸಿಹಿನೀರಿನ ಬಾವಿ ಬಿದ್ದಿತೋ ಅಲ್ಲಿ ಎಲ್ಲರೂ ಸೇರಿದರು. ಎರಡನೆಯ ಕಾರಣ ಭಯ. ಬಹಮನಿ, ವಿಜಯಪುರ, ಮೊಗಲ, ಮರಾಠ, ನಿಜಾಮ ಎಂದು ಐದು ಶತಮಾನ ದಂಡು ಓಡಾಡಿದ ಬಯಲು ಇದು. ಹಳೆಯ ಊರುಗಳ ನಡುವೆ ಇಂದಿಗೂ ನಿಂತಿರುವ ಕಾವಲಿನ ಹುಡೆಗಳು, ಗೌಡರ ವಾಡೆಗಳು ಆ ಕಾಲದವು: ಧೂಳು ಕಂಡರೆ ದನ ಒಳಗೆ, ಅಗಸಿ ಬಾಗಿಲು ಬಂದ್. ಮೂರನೆಯದು ಕಂದಾಯ. ಒತ್ತಾಗಿ ಕೂತ ಊರನ್ನು ಒಬ್ಬ ಪಾಟೀಲ, ಒಬ್ಬ ಕುಲಕರ್ಣಿ ಎಣಿಸಬಲ್ಲರು. ಕಲ್ಯಾಣ ಚಾಲುಕ್ಯರ ಶಾಸನಗಳು ಈ ಸೀಮೆಯನ್ನು ‘ಅಲಂದೆ ಸಾಸಿರ’ ಎಂದು ಕರೆದಿವೆ. ನಾಡನ್ನು ಎಣಿಕೆಯಿಂದಲೇ ಗುರುತಿಸಿದ ಕಾಲ ಅದು.

ರಾಜಕೀಯವೂ ಊರು ಕೂತ ಹಾಗೆಯೇ ಕೂರುತ್ತದೆ. ಮಲೆನಾಡಿನ ಚದುರಿದ ಮನೆಗಳಲ್ಲಿ ಒಡೆಯ–ಗೇಣಿದಾರ ಸಂಬಂಧವೇ ಎಲ್ಲ; ಹಾಗಾಗಿ ಅಲ್ಲಿ 1951ರಲ್ಲಿ ಕಾಗೋಡು ಚಳವಳಿ ಎದ್ದಿತು, ಸಮಾಜವಾದಿಗಳು ಬೆಳೆದರು. ಇಲ್ಲಿ ಜಗಳ ಗೇಣಿಯದಷ್ಟೇ ಅಲ್ಲ, ಜಾಗದ್ದು. ಯಾರ ಮನೆ ಅಗಸಿಯ ಒಳಗೆ, ಯಾರದು ಹೊರಗೆ, ಜಾತ್ರೆಯ ಪಲ್ಲಕ್ಕಿ ಯಾವ ಓಣಿಯಿಂದ ಹೋಗಬೇಕು, ಬೋರ್‌ವೆಲ್ ಯಾವ ಕೇರಿಗೆ. ಚುನಾವಣೆಯ ಲೆಕ್ಕವೂ ಕೇರಿ ಕೇರಿಯದೇ.

ಮಧ್ಯಾಹ್ನ ಹೊಟ್ಟೆ ತುಂಬಿದ ಮೇಲೆ ದತ್ತ ಮಂದಿರಕ್ಕೆ ಬಂದೆ. ಕಡಗಂಚಿಯ ಹೆಸರು ಕರ್ನಾಟಕದಲ್ಲಿ ಎಷ್ಟು ಜನಕ್ಕೆ ಗೊತ್ತೋ, ಮಹಾರಾಷ್ಟ್ರದಲ್ಲಿ ಅದರ ಹತ್ತು ಪಟ್ಟು ಜನಕ್ಕೆ ಗೊತ್ತಿರಬೇಕು. ಮರಾಠಿ ಮನೆಗಳಲ್ಲಿ ಏಳು ದಿನ ಸಪ್ತಾಹ ಹಿಡಿದು ಪಾರಾಯಣ ಮಾಡುವ ‘ಗುರುಚರಿತ್ರೆ’ಯನ್ನು ಬರೆದ ಸರಸ್ವತಿ ಗಂಗಾಧರ ಈ ಊರಿನ ಮನೆತನದವನು. ಅವನ ಪೂರ್ವಜ ಸಾಯಂದೇವ ಮುಸ್ಲಿಂ ಅಧಿಕಾರಿಯ ಕೈಕೆಳಗೆ ಚಾಕರಿಯಲ್ಲಿದ್ದವನು, ದತ್ತಾವತಾರವೆಂದು ಭಕ್ತರು ನಂಬುವ ನರಸಿಂಹ ಸರಸ್ವತಿಯ ಶಿಷ್ಯ. ಸಾಯಂದೇವನ ಮಗ ನಾಗನಾಥ, ಅವನ ಮಗ ದೇವರಾವ, ಅವನ ಮಗ ಗಂಗಾಧರ, ಅವನ ಮಗ ಸರಸ್ವತಿ. ಐದು ತಲೆಮಾರಿನ ಕನ್ನಡ ಮನೆ. ತನಗೆ ಮರಾಠಿ ಸರಿಯಾಗಿ ಬಾರದೆಂದು ಆತನೇ ಗ್ರಂಥದ ಆರಂಭದಲ್ಲಿ ಹೇಳಿಕೊಳ್ಳುತ್ತಾನೆ. 41ನೆಯ ಅಧ್ಯಾಯದಲ್ಲಿ ಸಾಯಂದೇವನ ಸ್ತುತಿ ಬರುವಾಗ ಕನ್ನಡ ಪದಗಳನ್ನೇ ಹಾಗೆಯೇ ಇಟ್ಟಿದ್ದಾನೆ. ದಾದರಿನಲ್ಲೋ ನಾಗಪುರದಲ್ಲೋ ಒಬ್ಬ ಅಜ್ಜ ಇವತ್ತು ದೇವನಾಗರಿಯಲ್ಲಿ ಅಚ್ಚಾದ ಆ ಕನ್ನಡವನ್ನು, ಅರ್ಥ ಗೊತ್ತಿಲ್ಲದೆ, ಭಕ್ತಿಯಿಂದ ಓದುತ್ತಿರುತ್ತಾನೆ.

ಇಲ್ಲಿನ ಮಂದಿರದಲ್ಲಿ ಕರುಣಾ ಪಾದುಕೆಗಳಿವೆ. ಗುರುಚರಿತ್ರೆಯ ಮೂಲ ಪ್ರತಿ ಇಲ್ಲಿಯದೇ ಎಂದು ಭಕ್ತರು ನಂಬುತ್ತಾರೆ. ಅಂಗಳದಲ್ಲಿ ನಿಂತ ಕಾರುಗಳಲ್ಲಿ ಹೆಚ್ಚಿನವು ಮಹಾರಾಷ್ಟ್ರದ ನಂಬರಿನವು. ಅರ್ಚಕರು ಬಂದವರೊಡನೆ ಮರಾಠಿಯಲ್ಲಿ, ಹಾಲು ತಂದ ಹುಡುಗನೊಡನೆ ಕನ್ನಡದಲ್ಲಿ, ಫೋನಿನಲ್ಲಿ ಯಾರೊಡನೆಯೋ ದಖನಿಯಲ್ಲಿ ಮಾತಾಡುತ್ತಿದ್ದರು. ಕನ್ನಡ ಮನೆತನದವನು ಮರಾಠಿಯಲ್ಲಿ ಏಕೆ ಬರೆದ ಎಂದು ನಮ್ಮ ಕಡೆಯ ಅಭಿಮಾನಿಗಳು ಸಿಟ್ಟಾಗುವುದನ್ನು ಕೇಳಿದ್ದೇನೆ. ಆ ಸಿಟ್ಟು ಈ ನೆಲದ ರೀತಿಯನ್ನು ಅರಿಯದ್ದು. ಇಲ್ಲಿ ಭಾಷೆಯನ್ನು ಕೆಲಸ ನೋಡಿ ಬಳಸುತ್ತಾರೆ: ಭಕ್ತರು ಮರಾಠಿಯವರಾದರೆ ಗ್ರಂಥ ಮರಾಠಿ, ಕಚೇರಿ ನಿಜಾಮನದಾದರೆ ಅರ್ಜಿ ಉರ್ದು, ಎತ್ತಿನೊಡನೆ ಮಾತು ಕನ್ನಡ. ಯಾವುದನ್ನೂ ಬಿಟ್ಟುಕೊಟ್ಟಂತಲ್ಲ.

ಗ್ರಾಮಕ್ಕೆ ಹತ್ತಿರದಲ್ಲೇ, ಕಲಬುರಗಿ–ಆಳಂದ ರಸ್ತೆಗೆ ಹತ್ತಿಕೊಂಡು ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. 2009ರ ಕಾಯ್ದೆಯಿಂದ ಹುಟ್ಟಿ, ಮೊದಲು ಗುಲಬರ್ಗಾ ವಿಶ್ವವಿದ್ಯಾಲಯದ ಆವರಣದಲ್ಲಿ ನಡೆದು, ಆಮೇಲೆ ಇಲ್ಲಿ ಆರುನೂರಕ್ಕೂ ಹೆಚ್ಚು ಎಕರೆಯಲ್ಲಿ ನೆಲೆ ನಿಂತಿತು. ಅಖಿಲ ಭಾರತ ಪ್ರವೇಶ ಪರೀಕ್ಷೆಯ ಮೂಲಕ ಸೇರುವುದರಿಂದ ಕೇರಳ, ಒಡಿಶಾ, ಬಿಹಾರದ ಮಕ್ಕಳೂ ಇದ್ದಾರೆ. ಗೇಟಿನ ಎದುರಿನ ಚಹಾದಂಗಡಿಯಲ್ಲಿ ಮಲಯಾಳಂ ಕೇಳಿಸಿತು. ಅಂಗಡಿಯವ ಅವರಿಗೆ ಹಿಂದಿಯಲ್ಲೇ ಉತ್ತರ ಕೊಟ್ಟು, ನನ್ನ ಕಡೆ ತಿರುಗಿ, “ಹಬ್ಬದ ದಿನಾನೂ ಇವರಿಗೆ ಪರೀಕ್ಷಾ ಚಿಂತಿರಿ” ಎಂದ. ಬಯಲ ನಡುವೆ ಬೇಲಿ ಹಾಕಿಕೊಂಡ ಈ ಊರಿನ ಬಗ್ಗೆ ಕಲಬುರಗಿಯಲ್ಲಿ ಒಬ್ಬ ಹಿರಿಯ ಸ್ನೇಹಿತರು ‘ಹೊಸ ಅಗ್ರಹಾರ’ ಎಂದು ಕುಹಕವಾಡಿದ್ದರು. ನನಗೆ ಅದು ತೀರಾ ಹೊಸದಾಗಿ ಕಾಣಲಿಲ್ಲ. ಈ ನಾಡು ಹೊರಗಿಂದ ಬಂದವರಿಗೆ ಯಾವತ್ತೂ ಮಾಡಿದ್ದು ಇದನ್ನೇ: ನೆಲೆಯನ್ನು ಊರ ಹೊರಗೆ ಕೊಟ್ಟಿದೆ, ಕೆಲಸವನ್ನು ಊರೊಳಗೆ. ಮಠಕ್ಕೆ ಹಾಗೆ, ದರ್ಗಾಕ್ಕೆ ಹಾಗೆ, ಲಂಬಾಣಿ ತಾಂಡಾಕ್ಕೆ ಹಾಗೆ.

ಅಷ್ಟಕ್ಕೇ ನಿಲ್ಲಿಸಿದರೆ ಸುಳ್ಳಾಗುತ್ತದೆ. ಹೊರಗಿಂದ ಬಾರದವರನ್ನೂ ಈ ಊರುಗಳು ಹೊರಗೇ ಇಟ್ಟಿವೆ. ಹೊಲೆಯ, ಮಾದಿಗರ ಕೇರಿಗಳು ಅಗಸಿಯಾಚೆ, ಹೆಚ್ಚಾಗಿ ತಗ್ಗಿನಲ್ಲಿ. ಸತ್ತ ದನ ಎಳೆಯುವುದು, ಹಲಗೆ ಬಾರಿಸುವುದು, ಸುದ್ದಿ ಮುಟ್ಟಿಸುವುದು, ಕಣ ಕಾಯುವುದು ಇವರ ಪಾಲಿನ ಊರೊಳಗಿನ ಕೆಲಸಗಳಾಗಿದ್ದವು. ಸೂಫಿಗೂ ಸ್ವಾಮಿಗೂ ಕೊಟ್ಟ ‘ಹೊರಗೆ’ಯಲ್ಲಿ ಗೌರವವಿತ್ತು, ಇನಾಮು ಹೊಲವಿತ್ತು, ಇವರ ‘ಹೊರಗೆ’ಯಲ್ಲಿ ಬಾವಿಯೂ ಇರಲಿಲ್ಲ. ಎಳ್ಳ ಅಮಾಸಿಯ ಊಟಕ್ಕೆ ‘ಯಾರ ಹೊಲಕ್ಕಾದರೂ’ ಹೋಗಬಹುದು ಎಂಬ ಮಾತು ಹೊಲವೇ ಇಲ್ಲದವರ ಕಿವಿಗೆ ಬೇರೆ ರೀತಿ ಕೇಳುತ್ತದೆ.

ತಾಂಡಾಗಳ ಕಥೆ ಇನ್ನೊಂದು ಬಗೆಯದು. ಲಂಬಾಣಿಗಳು ಎತ್ತುಗಳ ಮೇಲೆ ದವಸ, ಉಪ್ಪು ಹೇರಿಕೊಂಡು ದಂಡಿನ ಹಿಂದೆ ದಖ್ಖನ್ ತುಂಬ ಓಡಾಡಿದವರು. 1871ರಲ್ಲಿ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲು ಸೊಲ್ಲಾಪುರ, ಕಲಬುರಗಿ ಹಾಯ್ದು ರಾಯಚೂರು ಮುಟ್ಟಿತು. ಅದರೊಂದಿಗೆ ಎತ್ತಿನ ಹೇರಿನ ಬಾಳುವೆ ಮುಗಿಯುತ್ತ ಬಂತು. ಬ್ರಿಟಿಷ್ ಇಂಡಿಯಾದಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ಬಂದದ್ದೂ ಅದೇ 1871ರಲ್ಲಿ: ಓಡಾಡುವವರ ದುಡಿಮೆ ಕಸಿದ ವರ್ಷವೇ ಓಡಾಟವನ್ನೂ ಗುಮಾನಿಯಾಗಿಸಿದರು. ಹೀಗೆ ಕಾಡಂಚು, ಕಲ್ಲುದಿಬ್ಬ, ಯಾರಿಗೂ ಬೇಡವಾದ ಮರಡಿಗಳಲ್ಲಿ ತಾಂಡಾಗಳು ಕೂತವು. ಕಂದಾಯದ ಪುಸ್ತಕದಲ್ಲಿ ಅವು ಊರುಗಳೇ ಆಗಿರಲಿಲ್ಲ, ಯಾವುದೋ ಊರಿನ ಸರ್ವೆ ನಂಬರುಗಳಾಗಿದ್ದವು. ಮನೆಯಿತ್ತು, ಹಕ್ಕುಪತ್ರವಿರಲಿಲ್ಲ. 2023ರ ಜನವರಿಯಲ್ಲಿ ಮಳಖೇಡದಲ್ಲಿ ಪ್ರಧಾನಿಯ ಕೈಯಿಂದ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಹಂಚಲಾಯಿತು; ಐದು ಜಿಲ್ಲೆಗಳಲ್ಲಿ ಸುಮಾರು 1,475 ದಾಖಲೆಯಿಲ್ಲದ ಜನವಸತಿಗಳು ಕಂದಾಯ ಗ್ರಾಮಗಳಾದವು. ವಿಧಾನಸಭಾ ಚುನಾವಣೆಗೆ ಆಗ ನಾಲ್ಕು ತಿಂಗಳಿತ್ತು. ಅದನ್ನು ಹೇಳಿ ನಗುವವರು ನಗಲಿ. ನೂರೈವತ್ತು ವರ್ಷ ಕಾದವರಿಗೆ ಪತ್ರ ಯಾವ ತಿಂಗಳಲ್ಲಿ ಬಂದರೂ ಪತ್ರವೇ. ಈ ಪತ್ರ ಹಂಚಿದ್ದು ರಾಷ್ಟ್ರಕೂಟರ ರಾಜಧಾನಿಯ ನೆಲದಲ್ಲಿ. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಎಂದು ‘ಕವಿರಾಜಮಾರ್ಗ’ ಗಡಿ ಹಾಕಿದ್ದೂ ಅದೇ ಆಸ್ಥಾನದಲ್ಲಿ.

ಮರುದಿನ ಆಳಂದಕ್ಕೆ ಹೋದೆ. ರೈಲು ಮುಟ್ಟದ ತಾಲ್ಲೂಕು ಕೇಂದ್ರ, ಹಾಗಾಗಿ ಬಸ್ ನಿಲ್ದಾಣವೇ ಊರಿನ ಎದೆ. ಉಮರ್ಗಾ, ಅಕ್ಕಲಕೋಟ, ಸೊಲ್ಲಾಪುರ, ಬಸವಕಲ್ಯಾಣ ಎಂದು ಕೂಗು. ಊರಿನ ಲಾಡ್ಲೆ ಮಶಾಕ್ ದರ್ಗಾಕ್ಕೆ ಹಿಂದೂಗಳೂ ಹರಕೆ ಹೊರುತ್ತಾರೆ. ಅದೇ ಆವರಣದಲ್ಲಿ ರಾಘವ ಚೈತನ್ಯರ ಹೆಸರಿನ ಶಿವಲಿಂಗವಿದೆ. ಸಂತ ತುಕಾರಾಮರು ತಮ್ಮ ಗುರುಪರಂಪರೆಯಲ್ಲಿ ನೆನೆಯುವ ರಾಘವ ಚೈತನ್ಯರು ಇವರೇ ಎಂಬುದು ಪರಂಪರೆಯ ಮಾತು. ಬಹುಕಾಲ ಇವೆರಡೂ ಅಕ್ಕಪಕ್ಕ ಇದ್ದವು. 2022ರ ಶಿವರಾತ್ರಿಯಂದು ಲಿಂಗದ ಪೂಜೆಯ ವಿಚಾರಕ್ಕೆ ಕಲ್ಲು ತೂರಾಟ, ನಿಷೇಧಾಜ್ಞೆ. ಅಲ್ಲಿಂದ ಮುಂದೆ ವಿಷಯ ನ್ಯಾಯಾಲಯಕ್ಕೆ ಹೋಯಿತು. ಈಗ ಪೂಜೆಗೆ ಎಷ್ಟು ಜನ, ಎಷ್ಟು ಗಂಟೆಗೆ ಎಂಬುದನ್ನು ಆದೇಶ ಹೇಳುತ್ತದೆ. ಕಲ್ಲು ಎತ್ತಿದವರಿಗೂ ಎತ್ತಿಸಿದವರಿಗೂ ಒಂದು ಲಾಭವಾಗಿದೆ: ರೂಢಿಯಿಂದ ನಡೆಯುತ್ತಿದ್ದುದು ಈಗ ಬಂದೋಬಸ್ತಿನಲ್ಲಿ ನಡೆಯುತ್ತದೆ. ರೂಢಿಗೆ ಓಟು ಬೀಳುವುದಿಲ್ಲ, ಬಂದೋಬಸ್ತಿಗೆ ಬೀಳುತ್ತದೆ.

ಆದರೂ ಆಳಂದದ ಚುನಾವಣೆಯನ್ನು ಧರ್ಮದಿಂದಷ್ಟೇ ಓದಲಾಗದು. 2004ರಿಂದ 2023ರವರೆಗಿನ ಐದು ವಿಧಾನಸಭಾ ಚುನಾವಣೆಗಳಲ್ಲಿ ಇಲ್ಲಿ ಗೆದ್ದವರು ಇಬ್ಬರೇ, ಸರದಿಯಂತೆ: ಬಿ.ಆರ್. ಪಾಟೀಲ, ಸುಭಾಷ ಗುತ್ತೇದಾರ. ಪಾಟೀಲರು 2013ರಲ್ಲಿ ಕರ್ನಾಟಕ ಜನತಾ ಪಕ್ಷದಿಂದ (ಕೆಜೆಪಿ), 2023ರಲ್ಲಿ ಕಾಂಗ್ರೆಸ್‌ನಿಂದ. ಗುತ್ತೇದಾರರು 2018ರಲ್ಲಿ ಬಿಜೆಪಿಯಿಂದ, ಅದೂ 697 ಮತಗಳಿಂದ. ಪಕ್ಕದ ಅಫಜಲಪುರಕ್ಕೆ ಹೋದರೆ ಅಲ್ಲಿಯೂ ಎಂ.ವೈ. ಪಾಟೀಲ, ಮಾಲೀಕಯ್ಯ ಗುತ್ತೇದಾರ. 2018ರಲ್ಲಿ ಇವರಿಬ್ಬರೂ ಪಕ್ಷಗಳನ್ನು ಅದಲುಬದಲು ಮಾಡಿಕೊಂಡು ನಿಂತರು, ಮತದಾರರು ಗೊಂದಲಪಡಲಿಲ್ಲ. ಪಕ್ಷದ ಬಾವುಟ ಇಲ್ಲಿ ಅಂಗಿ ಇದ್ದಂತೆ, ಜನ ಮೈಯನ್ನು ಗುರುತಿಸುತ್ತಾರೆ. ಎರಡು ಅಡ್ಡಹೆಸರುಗಳ ಹಿಂದೆ ಎರಡು ಬಗೆಯ ಹಳೆಯ ಅಧಿಕಾರವಿದೆ. ಒಂದು ಊರಿನ ಕಂದಾಯ ಎತ್ತುವ ವತನದ್ದು, ಒತ್ತಾಗಿ ಕೂತ ಊರಿನ ನಡುಮನೆಯದು. ಇನ್ನೊಂದು ನಿಜಾಮನ ಕಾಲದ ಗುತ್ತಿಗೆಯದು, ಸೇಂದಿ ಅಬಕಾರಿಯಿಂದ ಬೆಳೆದ ರೊಕ್ಕದ್ದು. ಗ್ರಾಮಾಧಿಕಾರಿಗಳ ವತನವನ್ನು ರದ್ದು ಮಾಡಿದ ಕಾಯ್ದೆ ಬಂದದ್ದು 1961ರಲ್ಲಿ. ಹುದ್ದೆ ಹೋಯಿತು, ಮತಪತ್ರದಲ್ಲಿ ಹೆಸರು ಉಳಿಯಿತು. ಇವರಲ್ಲಿ ಯಾರು ಒಳ್ಳೆಯವರು ಎಂಬುದು ನನ್ನ ಪ್ರಶ್ನೆಯಲ್ಲ. ಬಿ.ಆರ್. ಪಾಟೀಲರಂಥವರು ಸಮಾಜವಾದಿ ಹಾದಿಯಿಂದ ಬಂದವರು ಎಂಬುದೂ ನಿಜ. ಜನ ಆರಿಸುವ ಸಾಲು ಮಾತ್ರ ಹಳೆಯದು.

ಆಳಂದ, ಅಫಜಲಪುರ ಎರಡೂ ನಿಜಾಮನ ಬೀಗರಾದ ಪಾಯಗಾ ಅಮೀರರ ಜಹಗೀರಿನಲ್ಲಿದ್ದವು. ದಂಡು ಸಾಕುವುದಕ್ಕೆಂದು ಕೊಟ್ಟ ಸೀಮೆ. ಆದಾಯ ಹೈದರಾಬಾದಿಗೆ, ಶಾಲೆ ಆಸ್ಪತ್ರೆ ಅಮೀರರ ಮನಸ್ಸಿಗೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಪಟ್ಟಿ ಮಾಡಿದಾಗ ಅವುಗಳಲ್ಲಿ 21 ಗುಲಬರ್ಗಾ ವಿಭಾಗದವು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಅದರಲ್ಲಿದ್ದವು. ಹಿಂದುಳಿದದ್ದು 1956ರ ನಂತರವೇ ಎಂದು ಇಲ್ಲಿನ ಭಾಷಣಗಳು ಬೆಂಗಳೂರನ್ನು ಬೈಯುತ್ತವೆ. ಬೈಯಲು ಕಾರಣವಿದೆ, ಆದರೆ ಲೆಕ್ಕ ಜಹಗೀರಿನಿಂದ ಶುರುವಾಗಬೇಕು.

ನಿಜಾಮನ ಆಳ್ವಿಕೆ ಮುಗಿದ 1948ರ ಬಗ್ಗೆ ಇಲ್ಲಿ ಜನ ಎರಡು ದನಿಯಲ್ಲಿ ಮಾತಾಡುತ್ತಾರೆ. ನಿಜಾಮನ ಪರದ ರಜಾಕಾರ ಪಡೆಯ ಹಾವಳಿಗೆ ಗಡಿ ದಾಟಿ ಸೊಲ್ಲಾಪುರದ ಕಡೆ ಹೋದವರ ಕಥೆಯನ್ನು ಜೋರಾಗಿ ಹೇಳುತ್ತಾರೆ, ಅದನ್ನು ಹೇಳಬೇಕಾದದ್ದೇ. ಬೀದರ್ ಜಿಲ್ಲೆಯ ವರವಟ್ಟಿಯಲ್ಲಿ ತಾಯಿ, ತಂಗಿಯನ್ನು ಆ ಬೆಂಕಿಗೆ ಕಳೆದುಕೊಂಡ ಮಗುವೊಂದು ತಂದೆಯ ಕೈಹಿಡಿದು ಕಲಬುರಗಿಗೆ ಬಂದು, ಎಂಎಸ್‌ಕೆ ಮಿಲ್ಲಿನ ಕಾರ್ಮಿಕರ ನಡುವೆ ಬೆಳೆದು, ಮುಂದೆ ಮಲ್ಲಿಕಾರ್ಜುನ ಖರ್ಗೆಯಾಯಿತು. ಸೆಪ್ಟೆಂಬರ್ 13ರಿಂದ 17ರವರೆಗಿನ ಪೊಲೀಸ್ ಕಾರ್ಯಾಚರಣೆಯ ನಂತರ ನಡೆದದ್ದನ್ನು ಮಾತ್ರ ದನಿ ತಗ್ಗಿಸಿ ಹೇಳುತ್ತಾರೆ. ನೆಹರೂ ಕಳಿಸಿದ ಸುಂದರಲಾಲ್ ಸಮಿತಿ 27,000ದಿಂದ 40,000 ಜನ ಸತ್ತಿರಬಹುದೆಂದು ಅಂದಾಜಿಸಿತು. ಅತಿ ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳಲ್ಲಿ ಗುಲಬರ್ಗಾ, ಬೀದರ್ ಎರಡೂ ಇದ್ದವು. ಆ ವರದಿ ಜನರ ಕೈಗೆ ಬಂದದ್ದು 2013ರಲ್ಲಿ. ಹಳ್ಳಿಗಳಲ್ಲಿದ್ದ ಎಷ್ಟೋ ಮುಸ್ಲಿಂ ಮನೆತನಗಳು 1948ರ ಆ ದಿನಗಳಲ್ಲಿ ಪೇಟೆ ಸೇರಿದವು. ಹಳ್ಳಿಯಲ್ಲಿ ಪೀರ್ ಹಬ್ಬದ ಆಲೈ ಕುಣಿಯಿದೆ, ಹಿಂದೂಗಳೇ ಪಂಜಾ ಹಿಡಿಯುತ್ತಾರೆ. ಪೇಟೆಯಲ್ಲಿ ಮೊಹಲ್ಲಾ ಒತ್ತಾಗಿದೆ. ಒಂದು ಶರತ್ಕಾಲದಲ್ಲಿ ಬದಲಾದ ವಸತಿಯ ನಕ್ಷೆ ಇವತ್ತಿನ ಮತಗಟ್ಟೆಯ ನಕ್ಷೆಯೂ ಹೌದು.

ಆಳಂದದಿಂದ ಪಶ್ಚಿಮಕ್ಕೆ ಸ್ವಲ್ಪ ಹೋದರೆ ಮಹಾರಾಷ್ಟ್ರ. ರಸ್ತೆಯ ಡಾಂಬರು ಬದಲಾಗುವುದರಿಂದ ಗೊತ್ತಾಗುತ್ತದೆಯೇ ಹೊರತು ತೊಗರಿಯಿಂದಲ್ಲ. 1956ರ ನವೆಂಬರ್ 1ರಂದು ಗೆರೆ ಎಳೆದವರು ಬಹುಸಂಖ್ಯೆಯ ಭಾಷೆ ನೋಡಿದರು. ಅಕ್ಕಲಕೋಟ, ಜತ್ತ, ಸೊಲ್ಲಾಪುರದ ಕನ್ನಡಿಗರು ಆಚೆ ಉಳಿದರು, ಆಳಂದದ ಮರಾಠಿಯವರು ಈಚೆ. 1967ರ ಮಹಾಜನ ವರದಿ 247 ಹಳ್ಳಿಗಳನ್ನು ಇತ್ತ, 264 ಹಳ್ಳಿಗಳನ್ನು ಅತ್ತ ಕೊಡಲು ಹೇಳಿತು. ಇದುವರೆಗೆ ಒಂದೂ ಕದಲಿಲ್ಲ. 2022ರ ಕೊನೆಯಲ್ಲಿ ಜತ್ತ, ಅಕ್ಕಲಕೋಟದ ಕೆಲವು ಹಳ್ಳಿಗಳು ಕರ್ನಾಟಕಕ್ಕೆ ಸೇರುತ್ತೇವೆಂದವು. ಅವರು ಕೇಳಿದ್ದು ನೀರು, ರಸ್ತೆ. ಟಿವಿಯಲ್ಲಿ ಕಂಡದ್ದು ಭಾಷಾಭಿಮಾನ.

ಸೊಲ್ಲಾಪುರವನ್ನು ನೆನೆದರೆ ಗೆರೆಯ ಸೋಲು ಇನ್ನೂ ಸ್ಪಷ್ಟ. ಹನ್ನೆರಡನೆಯ ಶತಮಾನದ ಶರಣ ಸಿದ್ಧರಾಮನ ಊರು ಅದು. ಕನ್ನಡ ಸಾಹಿತ್ಯ ಸಮ್ಮೇಳನದ ಮೊದಲ ಮಹಿಳಾ ಅಧ್ಯಕ್ಷೆ ಜಯದೇವಿತಾಯಿ ಲಿಗಾಡೆ ಅಲ್ಲಿಯವರು. ನೇಕಾರಿಕೆಗೆ ತೆಲುಗಿನ ಪದ್ಮಶಾಲಿಗಳು ಬಂದರು, ಮಿಲ್ಲಿಗೆ ನಮ್ಮ ಆಳಂದ, ಅಫಜಲಪುರದವರು ಹೋದರು. 1930ರ ಸೊಲ್ಲಾಪುರ ಬಂಡಾಯಕ್ಕಾಗಿ 1931ರ ಜನವರಿ 12ರಂದು ಯರವಡಾದಲ್ಲಿ ಗಲ್ಲಿಗೇರಿದ ನಾಲ್ವರ ಹೆಸರು ನೋಡಿ: ಮಲ್ಲಪ್ಪ ಧನಶೆಟ್ಟಿ, ಜಗನ್ನಾಥ ಶಿಂಧೆ, ಶ್ರೀಕಿಸನ್ ಸಾರಡಾ, ಕುರ್ಬಾನ್ ಹುಸೇನ್. ಕನ್ನಡದ ಲಿಂಗಾಯತ, ಮರಾಠ, ಮಾರವಾಡಿ, ಮುಸ್ಲಿಂ. ಯಾರೋ ಸಮಿತಿ ಮಾಡಿ ಆರಿಸಿದ್ದಲ್ಲ, ಆ ಊರಿನ ಬೀದಿಯಲ್ಲಿ ಸಿಕ್ಕವರು.

ಆಮೇಲೆ ಹೋದದ್ದು ಗಾಣಗಾಪುರಕ್ಕೆ. ಅದು ಅಫಜಲಪುರ ತಾಲ್ಲೂಕಿನಲ್ಲಿ, ಆಳಂದದ ಕಡೆಯಿಂದ ಬರುವ ಅಮರ್ಜಾ ಭೀಮೆಯನ್ನು ಕೂಡುವಲ್ಲಿದೆ. ಸಾಯಂದೇವನ ಗುರು ನರಸಿಂಹ ಸರಸ್ವತಿ ಹುಟ್ಟಿದ್ದು ವಿದರ್ಭದ ಕಾರಂಜದಲ್ಲಿ. ಔದುಂಬರ, ನರಸೋಬವಾಡಿಗಳಲ್ಲಿ ನೆಲೆಸಿ, ಇಲ್ಲಿಗೆ ಬಂದು ಇಪ್ಪತ್ತಕ್ಕೂ ಹೆಚ್ಚು ವರ್ಷ ಇದ್ದು, ಶ್ರೀಶೈಲದ ಕಡೆ ಹೊರಟುಹೋದರು ಎನ್ನುತ್ತದೆ ಪರಂಪರೆ. ಇಲ್ಲಿಗೆ ಬಂದ ಭಕ್ತರು, ಲಕ್ಷಾಧಿಪತಿಯಾದರೂ, ಐದು ಮನೆ ಮಧುಕರಿ ಬೇಡಬೇಕು. ಗುರು ಇವತ್ತಿಗೂ ಮಧ್ಯಾಹ್ನ ಯಾವುದೋ ರೂಪದಲ್ಲಿ ಭಿಕ್ಷೆಗೆ ಬರುತ್ತಾನೆಂಬ ನಂಬಿಕೆ. ಜೋಳಿಗೆ ಹಿಡಿದು ನಿಂತ ಠಾಣೆಯ ಉದ್ಯಮಿಯೊಬ್ಬರಿಗೆ ಜೋಪಡಿಯ ಹೆಣ್ಣುಮಗಳು ಅರ್ಧ ರೊಟ್ಟಿ ನೀಡುವುದನ್ನು ನೋಡಿದೆ. ಕೊಡುವವಳ ಮುಖದಲ್ಲಿ ಸಂಕೋಚವಿರಲಿಲ್ಲ, ಬೇಡುವವರ ಮುಖದಲ್ಲಿತ್ತು. ಊರಿನ ಅಂಗಡಿ, ಲಾಡ್ಜು, ಆಟೋ ಎಲ್ಲ ಮರಾಠಿ ಬಲ್ಲವು. ಫಲಕ ಮರಾಠಿಯಲ್ಲಿದೆ ಎಂದು ಆಗಾಗ ಬೆಂಗಳೂರಿನಿಂದ ಬಂದವರು ಗದ್ದಲ ಮಾಡುತ್ತಾರಂತೆ. ಅವರು ಊಟಕ್ಕೆ ಎಲ್ಲಿಗೆ ಹೋಗುತ್ತಾರೆ ಎಂದು ಕೇಳಿದರೆ ಹೋಟೆಲಿನವ ನಕ್ಕ.

ಭೀಮೆಯ ದಂಡೆಯ ಊರುಗಳಿಗೆ ಮಾತ್ರ ಗಡಿ ನಿಜವಾದದ್ದು, ಏಕೆಂದರೆ ನೀರು ಅಲ್ಲಿಂದ ಬರುತ್ತದೆ. ಉಜನಿ ಅಣೆಕಟ್ಟಿನ ಬಾಗಿಲು ತೆರೆದರೆ ಸೊನ್ನ ಬ್ಯಾರೇಜಿನ ಕೆಳಗಿನ ಹಳ್ಳಿಗಳು ಗಂಟು ಕಟ್ಟಬೇಕು. 2020ರ ಅಕ್ಟೋಬರಿನಲ್ಲಿ ಅಫಜಲಪುರ, ಜೇವರ್ಗಿಯ ಎಷ್ಟೋ ಊರುಗಳಿಗೆ ನೀರು ನುಗ್ಗಿತು. ಒತ್ತಾಗಿ ಕೂತ ಊರನ್ನು ಎತ್ತರಕ್ಕೆ ಸ್ಥಳಾಂತರಿಸಿದಾಗ ಸರ್ಕಾರ ಸಾಲು ಸಾಲು ಸೈಟು ಹಾಕಿಕೊಡುತ್ತದೆ. ಹೊಸ ಊರಿನಲ್ಲಿ ಅಗಸಿ ಇರುವುದಿಲ್ಲ. ಕೇರಿ ಎಲ್ಲಿ ಎಂಬುದು ಮೊದಲ ವರ್ಷ ಗೊತ್ತಾಗುವುದಿಲ್ಲ, ಎರಡನೆಯ ವರ್ಷಕ್ಕೆ ಗೊತ್ತಾಗುತ್ತದೆ.

ಜೇವರ್ಗಿಗೆ ಹೋಗುವ ದಾರಿಯಲ್ಲಿ, ಕಟ್ಟಿ ಸಂಗಾವಿ ಸೇತುವೆಗೆ ಮೊದಲು, ಫಿರೋಜಾಬಾದ್. ಬಹಮನಿ ಸುಲ್ತಾನ ಫಿರೋಜ್ ಶಾಹ 1400ರಲ್ಲಿ ಭೀಮೆಯ ದಂಡೆಯಲ್ಲಿ ಕಟ್ಟಿಸಿದ ಅರಮನೆಗಳ ಪಟ್ಟಣ. ಸುಲ್ತಾನ ಹೋದ, ರಾಜಧಾನಿ ಬೀದರಿಗೆ ಹೋಯಿತು, ಕೋಟೆಯೊಳಗೆ ಈಗ ಹೊಲ. ಅದೇ ಕಾಲದಲ್ಲಿ ಕಲಬುರಗಿಗೆ ಬಂದ ಸೂಫಿ ಸಂತ ಬಂದೇನವಾಜರ ನೆಲೆಗೆ ಮಾತ್ರ ಆರುನೂರು ವರ್ಷದ ನಂತರವೂ ಉರುಸಿಗೆ ಲಕ್ಷಗಟ್ಟಲೆ ಜನ. ಸುತ್ತಲಿನವರಿಗೆ ಕೆಲಸವಿಲ್ಲದ ನೆಲೆ ನಿಲ್ಲಲಿಲ್ಲ. ಕಡಗಂಚಿಯ ವಿಶ್ವವಿದ್ಯಾಲಯದವರು ಒಮ್ಮೆ ಇಲ್ಲಿಗೆ ಬಂದು ಹೋಗಬೇಕು.

ಜೇವರ್ಗಿ ಕಡೆಯ ಅರಳಗುಂಡಗಿ ಶರಣಬಸವೇಶ್ವರರ ಊರು. ಲಿಂಗಾಯತರು ದೊಡ್ಡ ಸಂಖ್ಯೆಯಲ್ಲಿರುವ ಸೀಮೆ. ಜೇವರ್ಗಿ ಕ್ಷೇತ್ರದಲ್ಲಿ 1972ರಿಂದ ಮೂರು ದಶಕಕ್ಕೂ ಹೆಚ್ಚು ಕಾಲ ಗೆದ್ದು ಬಂದವರು ನೇಲೋಗಿಯ ಧರ್ಮಸಿಂಗ್, ರಜಪೂತರು. ಯಾವ ಕಾಲದ ದಂಡಿನೊಂದಿಗೋ ಇತ್ತ ಬಂದು ನಿಂತ, ಕೈಬೆರಳಲ್ಲಿ ಎಣಿಸುವಷ್ಟು ಮನೆಗಳ ಸಮುದಾಯ. ಜಾತಿಯ ಲೆಕ್ಕವೇ ಎಲ್ಲ ಎನ್ನುವ ಪಂಡಿತರಿಗೆ ಜೇವರ್ಗಿ ತಲೆನೋವು. ದೊಡ್ಡ ಬಣಗಳು ಒಂದಕ್ಕೊಂದು ಬಗ್ಗದಿದ್ದಾಗ ಊರ ಅಂಚಿನವನೇ ನಡುವಿನವನಾಗುತ್ತಾನೆ. 2004ರಲ್ಲಿ ಅವರು ಮುಖ್ಯಮಂತ್ರಿಯಾದದ್ದೂ ಅದೇ ರೀತಿಯಲ್ಲಿ, ಯಾರಿಗೂ ಬಹುಮತವಿಲ್ಲದ ವಿಧಾನಸಭೆಯಲ್ಲಿ. 1980ರಲ್ಲಿ ಗೆದ್ದ ಗುಲಬರ್ಗಾ ಲೋಕಸಭಾ ಸ್ಥಾನವನ್ನು ಅವರು ಬಿಟ್ಟುಕೊಟ್ಟದ್ದು ಕೇರಳದ ಸಿ.ಎಂ. ಸ್ಟೀಫನ್ ಅವರಿಗೆ. ಗುಲಬರ್ಗಾ ಅವರನ್ನೂ ಗೆಲ್ಲಿಸಿ ಕಳಿಸಿತು.

ಜೇವರ್ಗಿಯ ಕಚೇರಿ ಮುಂದೆ ಕಡತ ಹಿಡಿದ ಹುಡುಗ ಹುಡುಗಿಯರ ಸಾಲು. ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ 371(ಜೆ) ವಿಧಿಯ ಅರ್ಹತಾ ಪತ್ರಕ್ಕಾಗಿ. ಈ ಭಾಗದ ಕಾಲೇಜುಗಳಲ್ಲಿ ಶೇ. 70 ಸೀಟು, ಉಳಿದ ಕರ್ನಾಟಕದಲ್ಲಿ ಶೇ. 8, ನೌಕರಿಯಲ್ಲೂ ಪಾಲು ಅದರ ಮೇಲೆ ನಿಂತಿದೆ. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕವಾಯಿತು. ಸಾಲಿನಲ್ಲಿ ನಿಂತವರಿಗೆ ಹೆಸರಿಗಿಂತ ಈ ಪತ್ರ ದೊಡ್ಡದು. ಇಲ್ಲಿ ಹುಟ್ಟಿರಬೇಕು, ಇಲ್ಲವೇ ಆದೇಶ ಬರುವ ಮೊದಲು ಹತ್ತು ವರ್ಷ ಇಲ್ಲಿ ವಾಸವಿರಬೇಕು, ಇಲ್ಲವೇ ಅಂಥವರ ಮಕ್ಕಳಾಗಿರಬೇಕು. ಕಡಗಂಚಿಯ ಹೊಲದಲ್ಲಿ ನನಗೆ ಕೇಳಿದ ‘ಯಾವೂರ್ರೀ?’ ಈಗ ಅರ್ಜಿ ನಮೂನೆಯಾಗಿದೆ. ನ್ಯಾಯವಾದ ಕಾಯ್ದೆ ಎಂದೇ ನನ್ನ ಅಭಿಪ್ರಾಯ; ಪಾಯಗಾ ಅಮೀರರಿಗೂ ಬೆಂಗಳೂರಿಗೂ ತೆತ್ತದ್ದರಲ್ಲಿ ಸ್ವಲ್ಪ ವಾಪಸು ಬರಲಿ. ಮುಂಬೈಯಲ್ಲಿ ಗಾರೆ ಕೆಲಸಕ್ಕೆ ಹೋದ ತಂದೆ ತಾಯಿಗೆ ಅಲ್ಲೇ ಹುಟ್ಟಿದ ಒಬ್ಬ ಲಂಬಾಣಿ ಹುಡುಗಿ ಮಾತ್ರ, ತಾಂಡಾದ ವಾಸವನ್ನು ಯಾವ ಕಾಗದದಿಂದ ತೋರಿಸಬೇಕೆಂದು ತಿಳಿಯದೆ ಝೆರಾಕ್ಸ್ ಅಂಗಡಿಯವನನ್ನು ಕೇಳುತ್ತಿದ್ದಳು.

ಅವಳ ಸರದಿ ಬರುವವರೆಗೆ ನಾನು ಮನಸ್ಸಿನಲ್ಲೇ ಕೆಲವರ ಅರ್ಜಿ ತುಂಬಿದೆ. ಸಾಯಂದೇವನ ಮನೆಯವರಿಗೆ ಅಡ್ಡಿಯಿಲ್ಲ, ಕಡಗಂಚಿಯವರು. ಅವನ ಗುರು ಹುಟ್ಟಿದ್ದು ಕಾರಂಜದಲ್ಲಿ. ಆದರೆ ಗಾಣಗಾಪುರದಲ್ಲಿ ಇಪ್ಪತ್ತು ವರ್ಷ ದಾಟಿದ್ದರಿಂದ ಪಾಸು. ಮನೆ ನಂಬರಿನ ಕಾಲಮ್ಮಿನಲ್ಲಿ ಮಾತ್ರ ಗುಮಾಸ್ತ ಪೆನ್ನು ನಿಲ್ಲಿಸುತ್ತಿದ್ದ: ಐದು ಮನೆ ಭಿಕ್ಷೆಯಲ್ಲಿ ಯಾವುದನ್ನು ಬರೆಯಬೇಕು?